ರೊಟ್ಟಿ ನುಂಗಿದ ಹೆಬ್ಬೆಟ್ಟು

ಸರಕಾರಿ ಕಾಗದಪತ್ರದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಗೋವಾದ ಈ ವಾಸ್ಕೋದಲ್ಲಿ ಇನ್ನೂ ಹುಟ್ಟಿಲ್ಲ ಎಂದೇ ನಾನು ತಿಳಿದಿದ್ದೆ. ತಿಳಿಯದೆ ಏನು? ಸೈನ್ಯದಲ್ಲಿ ನಾನು ಹವಾಲ್ದಾರ್ ಗುಮಾಸ್ತ. ಖರೇ ಹೇಳಬೇಕೆಂದರೆ, ಗುಂಡು ಹೊಡೆದದ್ದಕ್ಕಿಂತ ಠಸ್ಸೆ ಹೊಡೆದದ್ದೇ ಹೆಚ್ಚು. ಎಷ್ಟು ಜವಾನರ ರಜೆ, ಬಡ್ತಿ, ಪಿಂಚಣಿ ನನ್ನ ಪೆನ್ನಿನ ತುದಿಯಿಂದ ಇಳಿದು ಹೋಗಿವೆಯೋ! ಅಂಥವನು ಹೆಂಡತಿಗೊಂದು ಆರೋಗ್ಯ ಕಾರ್ಡು ಮಾಡಿಸಲಾರನೆ?

ಮಾಜಿ ಸೈನಿಕರಿಗೂ ಅವರ ಹೆಂಡಂದಿರಿಗೂ ಆಸ್ಪತ್ರೆಯ ಖರ್ಚು ಕೊಡುವ ಕಾರ್ಡು ಅದು. ನಿವೃತ್ತನಾಗಿ ಧಾರವಾಡದ ಕಡೆಯಿಂದ ಇಲ್ಲಿಗೆ ಬಂದು, ಬಂದರಿನ ಕಾವಲು ಕೆಲಸಕ್ಕೆ ಸೇರಿದಾಗಲೇ ಅದನ್ನು ಮಾಡಿಸಬೇಕಿತ್ತು. "ಸೈನಿಕನಿಗೆ ಎಲ್ಲಿಯ ಜಡ್ಡು?" ಎಂದು ಎದೆಯುಬ್ಬಿಸಿ ಸುಮ್ಮನಿದ್ದೆ. ನನಗೆ ಜಡ್ಡು ಬರಲಿಲ್ಲ, ನಿಜ. ನನ್ನ ಹೆಂಡತಿ ಗಂಗವ್ವನ ಎರಡೂ ಕಣ್ಣಿಗೆ ಪೊರೆ ಬಂತು.

ಅದು ನನಗೆ ತಿಳಿದದ್ದು ಮಳೆಗಾಲದ ಒಂದು ಬೆಳಿಗ್ಗೆ. ಬಾಗಿಲ ಹೊರಗೆ ಒಣಗಲು ತೂಗುಹಾಕಿದ್ದ ನನ್ನ ರೇನ್‌ಕೋಟಿಗೆ ಆಕೆ, "ಬರ್ರಿ ಅಣ್ಣಾರ, ಹೊರಗ ಯಾಕ ನಿಂತೀರಿ? ಚಾ ಕುಡದು ಹೋಗ್ರಿ," ಎಂದಳು. ರೇನ್‌ಕೋಟು ಮಾತಾಡಲಿಲ್ಲ. "ಭಾಳ ಸೊಕ್ಕು ನೋಡು ಇವಂಗ!" ಎಂದು ಒಳಗೆ ನಡೆದಳು.

ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಗಂಗವ್ವನ ಹಟವೇ ಬೇರೆ. "ಕೈಲೆ ಬಡೀತೇನಿ, ಕಿವೀಲೆ ಕೇಳ್ತೇನಿ. ಕಣ್ಣ ಯಾಕ ಬೇಕ್ರಿ?" ಬಂದರಿನಲ್ಲಿ ದುಡಿಯುವ ನಮ್ಮ ಕಡೆಯವರಿಗೆ ಆಕೆ ದಿನಾ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಪೊರೆ ಬಂದ ಮೇಲೂ ಒಂದು ರೊಟ್ಟಿಯ ಅಂಚು ಸೀಳಿರಲಿಲ್ಲ. ಆದರೆ ಒಂದು ದಿನ ಹಂಚು ಇದೆಯೆಂದು ತಿಳಿದು ಬರೀ ಬೆಂಕಿಯ ಮೇಲೆ ಕೈ ಚಾಚಿದಳು. ನಾನು ಅಂದೇ ಫೈಲು ಕಟ್ಟಿದೆ.

ಎಂಥ ಫೈಲು! ಪ್ರತಿಯೊಂದು ದಾಖಲೆಗೂ ಮೂರು ಪ್ರತಿ, ಪ್ರತಿಯೊಂದು ಪ್ರತಿಗೂ ಸಹಿ, ಮೇಲೊಂದು ಕೆಂಪು ಟ್ಯಾಗು. ಕಾರ್ಡಿನ ಕಚೇರಿಯ ಕೌಂಟರಿನಲ್ಲಿದ್ದ ಗೋವಾದ ಹುಡುಗಿ ಅದನ್ನು ಚಹಾದ ಬಶಿಯ ಹಾಗೆ ಬದಿಗೆ ಸರಿಸಿ, "ಪೇಪರ್ ಬಾದ್ ಮೇ, ಅಂಕಲ್. ಪೆಹಲೇ ಆಂಟಿ ಕಾ ಅಂಗೂಠಾ," ಎಂದಳು. ಕಾಗದ ಆಮೇಲಂತೆ, ಮೊದಲು ಹೆಬ್ಬೆಟ್ಟಂತೆ!

ಗಂಗವ್ವ ಹೆಬ್ಬೆಟ್ಟು ಇಟ್ಟಳು. ಯಂತ್ರ "ಪೀಂ" ಎಂದು ಕೆಂಪು ದೀಪ ತೋರಿಸಿತು. ಸೆರಗಿಗೆ ಒರೆಸಿ ಇಟ್ಟಳು. ಕೆಂಪು. ಹತ್ತೂ ಬೆರಳು ಸರದಿಯಾಗಿ ಹಾಜರಾದವು. ಹತ್ತೂ ಕೆಂಪು!

"ಏನಂತೈತ್ರಿ ಇದು?"

"ನಿನ್ನ ಗುರುತಾ ಇಲ್ಲ ಅಂತೈತಿ."

"ಅಯ್ಯ, ನನಗರ ಇದರ ಗುರುತ ಎಲ್ಲೈತಿ? ಇವತ್ತ ನೋಡಾಕತ್ತೇನಿ!"

ಹುಡುಗಿ ಆಕೆಯ ಅಂಗೈ ತಿರುಗಿಸಿ ನೋಡಿದಳು. ನಾನೂ ನೋಡಿದೆ. ಆ ಕೈಯ ರೊಟ್ಟಿಯನ್ನು ಇಷ್ಟು ವರ್ಷ ಉಂಡವನು, ಆ ಬೆರಳ ತುದಿಗಳನ್ನು ನೋಡಿದ್ದು ಅಂದೇ ಮೊದಲು. ಗೆರೆಗಳೇ ಇಲ್ಲ. ಕುದಿಯುವ ಎಸರಿನ ಹಿಟ್ಟು ನಾದಿ, ಬಡಿದು, ಸುಡುವ ಹಂಚಿನ ಮೇಲೆ ತಿರುವಿ ತಿರುವಿ ಎಲ್ಲ ಸವೆದು ನುಣ್ಣಗಾಗಿದ್ದವು. ಬೆವರು ಸುರಿಸಿದ ಕೈಗೆ ಗುರುತಿಲ್ಲವಂತೆ! ಕುಳಿತು ಠಸ್ಸೆ ಹೊಡೆದ ನನ್ನ ಹೆಬ್ಬೆಟ್ಟು ಮಾತ್ರ ನಕಾಶೆಯ ಹಾಗೆ ಸ್ವಚ್ಛ!

"ಹಾಗಾದರೆ ಕಣ್ಣು ತೋರಿಸಲಿ," ಎಂದು ಹುಡುಗಿ ದುರ್ಬೀನಿನಂಥ ಇನ್ನೊಂದು ಯಂತ್ರ ತಂದಳು. ಅದೂ "ಪೀಂ" ಎಂದಿತು. ಪೊರೆ ಬಂದ ಕಣ್ಣನ್ನು ಅದು ಒಪ್ಪುವುದಿಲ್ಲವಂತೆ. ಮೊದಲು ಆಪರೇಷನ್ ಮಾಡಿಸಿಕೊಂಡು ಬನ್ನಿ, ಆಮೇಲೆ ಕಾರ್ಡು ಕೊಡುತ್ತೇವೆ ಎಂದಳು!

ಓದುಗರೇ, ನೀವೇ ಹೇಳಿ. ಕಣ್ಣು ಬೇಕೆಂದರೆ ಕಾರ್ಡು ಬೇಕು. ಕಾರ್ಡು ಬೇಕೆಂದರೆ ಕಣ್ಣು ಬೇಕು! ಇಂಥ ನಿಯಮವನ್ನು ಬರೆದವನ ಕಣ್ಣಿಗೆ ಯಾವ ಪೊರೆ ಬಂದಿತ್ತು? ನನ್ನೊಳಗಿನ ಹವಾಲ್ದಾರ್ ಎದ್ದು ನಿಂತ. "ನಾನು ದೇಶಕ್ಕಾಗಿ ಹಿಮದಲ್ಲಿ ನಿಂತವನು!" ಎಂದು ಗುಡುಗಿದೆ. (ಹಿಮದಲ್ಲಿ ನಿಂತದ್ದು ಹೌದು. ಊಟದ ಸಾಲಿನಲ್ಲಿ.) ಗುಡುಗಿನ ಜೊತೆಗೆ ಮೇಜಿಗೊಂದು ಗುದ್ದು ಕೊಟ್ಟೆ. ಕಣ್ಣಿನ ಯಂತ್ರ ಜಾರಿ ನೆಲಕ್ಕೆ ಬಿತ್ತು.

ಗಂಗವ್ವ ನನ್ನ ತೋಳು ಹಿಡಿದಳು. "ನಡೀರಿ ಸಾಕು. ಒಡದದ್ದು ನನಗ ಕಾಣದಿದ್ರೂ ಕೇಳ್ತೈತಿ."

ಆದರೂ ಆ ಹುಡುಗಿ ಒಳ್ಳೆಯವಳು. ಆಂಟಿ ಕೆಲವು ವಾರ ರೊಟ್ಟಿ ಮುಟ್ಟದಿರಲಿ, ಕೈಗೆ ಎಣ್ಣೆ ಹಚ್ಚಲಿ, ಗೆರೆಗಳು ಮತ್ತೆ ಮೂಡುತ್ತವೆ ಎಂದು ಹೇಳಿ ಕಳಿಸಿದಳು.

ಮನೆಗೆ ಬಂದು ಆಜ್ಞೆ ಹೊರಡಿಸಿದೆ. "ಇವತ್ತಿನಿಂದ ರೊಟ್ಟಿ ನಾ ಬಡೀತೇನಿ."

"ನೀವ? ರೊಟ್ಟಿ?" ಗಂಗವ್ವ ನಕ್ಕ ನಗೆಗೆ ಗೋಡೆಯಾಚೆಯ ಮನೆಯವರು ಇಣುಕಿದರು. "ಚಾದಾಗ ಸಕ್ಕರಿ ಕಲಸಾಕ ನನ್ನ ಕರೀತೀರಿ!"

ಆಕೆಯ ಕೈಗೆ ಕೊಬ್ಬರಿ ಎಣ್ಣೆ ಬಳಿದು, ಮೇಲೆ ನನ್ನ ಮಿಲಿಟರಿ ಉಣ್ಣೆಯ ಸಾಕ್ಸು ಏರಿಸಿದೆ. ಆಕೆ ಕುರ್ಚಿಯಲ್ಲಿ ಕರ್ನಲ್ ಸಾಹೇಬರಂತೆ ಕುಳಿತಳು. ನಾನು ಹಿಟ್ಟಿನ ಮುಂದೆ ರಿಕ್ರೂಟಿನಂತೆ ಕುಳಿತೆ.

"ಎಸರ ಕುದೀತೇನ್ರಿ?"

"ಕುದೀತು." ಬೆರಳು ಅದ್ದಿ ನೋಡಿದ್ದೆ. ಕುದಿದಿತ್ತು! ಖಾತ್ರಿಯಾಗಿ ಕುದಿದಿತ್ತು.

ಮೊದಲ ದಿನದ ಹಿಟ್ಟಿಗೆ ಜಿಗಿ ಇರಲಿಲ್ಲ, ರೊಟ್ಟಿ ಚೂರುಚೂರಾಯಿತು. ಮರುದಿನದ ಹಿಟ್ಟಿಗೆ ಜಿಗಿ ಎಷ್ಟಿತ್ತೆಂದರೆ, ಕೊಡವಿದ ಕೈಯಿಂದ ಒಂದು ರೊಟ್ಟಿ ಹಾರಿ "ಸಪ್" ಎಂದಿತು.

"ಏನ್ರಿ ಅದು ಸಪ್ಪಳ?"

"ಹಲ್ಲಿ ಬಿತ್ತು."

ಉಳಿದ ರೊಟ್ಟಿಗಳನ್ನು ತಿರುವಲು ಹೋಗಿ ಬೆರಳುಗಳನ್ನೇ ತಿರುವಿ ಬೇಯಿಸಿದೆ. ಸಂಜೆ ಕ್ರೇನ್ ನಡೆಸುವ ಬಸಪ್ಪ ಡಬ್ಬಿ ಹಿಡಿದು ವಾಪಸು ಬಂದ. "ಕಾಕಾರ, ಸಿಟ್ಟ ಮಾಡಬ್ಯಾಡ್ರಿ. ಇದನ್ನ ತಿನ್ನೂದ್ರಿ, ಏನ್ ಹಡಗಿನ ತೂತಿಗೆ ಹಚ್ಚೂದ್ರಿ?"

"ದೇಶದ ಸೈನಿಕನ ಕೈಯ ರೊಟ್ಟಿ ಅದು!" ಎಂದೆ.

"ಅದಕ್ಕ ಮತ್ತ ವೈರಿ ಓಡಿ ಹೋಗಿರಬೇಕು ಬಿಡ್ರಿ," ಎಂದು ಬಸಪ್ಪ ಬೇಕರಿಯ ಪಾವು ತರಲು ನಡೆದ.

ಅವಮಾನ ನುಂಗಿದೆ. ಹಟ ಬಿಡಲಿಲ್ಲ. ವಾರಗಳ ಮೇಲೆ ಗಂಗವ್ವನ ಸಾಕ್ಸು ತೆಗೆದಾಗ ಹೆಬ್ಬೆಟ್ಟಿನ ತುದಿಯಲ್ಲಿ ತೆಳ್ಳಗೆ ಗೆರೆಗಳು! ಪೇಡೆಯ ಡಬ್ಬಿ ಹಿಡಿದೇ ಕಚೇರಿಗೆ ಹೋದೆವು. ಆಕೆ ಹೆಬ್ಬೆಟ್ಟು ಇಟ್ಟಳು. ಹಸಿರು! ಸಾಲಿನಲ್ಲಿದ್ದವರಿಗೆಲ್ಲ ನಾನು ಪೇಡೆ ಹಂಚಿದೆ.

"ಅಬ್ ಆಪ್ ಕಾ, ಅಂಕಲ್," ಎಂದಳು ಹುಡುಗಿ. ಸೈನಿಕನ ಗುರುತು ಸಿಗದೆ ಹೆಂಡತಿಯ ಕಾರ್ಡು ಹೊರಡುವುದಿಲ್ಲವಂತೆ.

ಅದಕ್ಕೇನು, ಎಂದು ಹೆಬ್ಬೆಟ್ಟು ಇಟ್ಟೆ. ಕೆಂಪು. ಬೊಬ್ಬೆ ಎದ್ದು, ಒಡೆದು, ಸಿಪ್ಪೆ ಸುಲಿದ ನನ್ನ ಹತ್ತೂ ಬೆರಳು ಸರದಿಯಾಗಿ ಹಾಜರಾದವು. ಹತ್ತೂ ಕೆಂಪು!

"ಇದೆಂಥ ಅನ್ಯಾಯ!" ಎಂದೆ. "ಕಣ್ಣಿನ ಯಂತ್ರ ತನ್ನಿ. ನನ್ನ ಕಣ್ಣು ಸರಿಯಾಗಿದೆ!"

ಹುಡುಗಿ ಬಾಯಲ್ಲಿದ್ದ ಪೇಡೆ ನುಂಗಿ, ಮೆಲ್ಲಗೆ ಹೇಳಿದಳು. ಆ ಯಂತ್ರ ರಿಪೇರಿಗೆ ಹೋಗಿದೆ. ಹೋದ ಸಲ ಯಾರೋ ಮೇಜು ಗುದ್ದಿದ್ದರು.

ಗಂಗವ್ವ ಮನೆಗೆ ಬಂದವಳೇ ನನ್ನ ಬೆರಳುಗಳಿಗೆ ಮುಲಾಮು ಹಚ್ಚಿ, ಅದೇ ಸಾಕ್ಸು ನನ್ನ ಕೈಗೇರಿಸಿ, ತಾನು ಹಿಟ್ಟಿನ ಮುಂದೆ ಕುಳಿತಳು. ಬಂದರಿನಲ್ಲಿ ಅಂದು ಹಬ್ಬ.

ಕೊನೆಗೊಂದು ದಿನ ಯಂತ್ರ ಬಂದಿದೆಯೆಂದು ಫೋನು ಬಂತು. ನಾನು ಸಾಕ್ಸು ಕಳಚಲು ಹೋದೆ. ಗಂಗವ್ವ ತಡೆದಳು.

"ಇರಲಿ. ಮತ್ತ ಮೇಜ ಗುದ್ದಿದ್ರೂ ಮೆತ್ತಗಾಗ್ತೈತಿ."

ಹೀಗಾಗಿ ಮಾಜಿ ಹವಾಲ್ದಾರನೊಬ್ಬ ಕೈಗೆ ಸಾಕ್ಸು ತೊಟ್ಟು, ಆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹೆಂಡತಿಯ ಕಾವಲಿನಲ್ಲಿ ಕಣ್ಣು ಬಿಟ್ಟು ನಿಂತ. ಹಸಿರು. ಕಾರ್ಡು ಬಂತು. ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಷನ್ ಆಯಿತು.

ಕೊನೆಯ ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ಗಂಗವ್ವ ನನ್ನ ಮುಖ ನೋಡಿ ಏನಾದರೂ ಹೇಳಿಯಾಳೆಂದು ಕಾದೆ. ಆಕೆ ನೆಟ್ಟಗೆ ಅಡಿಗೆಮನೆಗೆ ಹೋಗಿ, ಗೋಡೆಯ ಮೇಲ್ಭಾಗವನ್ನೇ ನೋಡುತ್ತ ನಿಂತಳು. ಅಲ್ಲಿ ಅಂದು ಹಾರಿದ ನನ್ನ ರೊಟ್ಟಿ ಒಣಗಿ ಕಲ್ಲಾಗಿ ಅಂಟಿಕೊಂಡಿತ್ತು.

"ರೀ, ಹಲ್ಲಿ ಬಿತ್ತು ಅಂದಿದ್ರಿ?"

ನಾನು ಕೆಮ್ಮಿದೆ.

ಆಕೆ ತಲೆ ಓರೆ ಮಾಡಿ ಇನ್ನಷ್ಟು ಹೊತ್ತು ನೋಡಿದಳು. "ಏನ ಅನ್ರಿ, ದುಂಡಗ ಬಂದಿದ್ದು ಇದೊಂದ ನೋಡ್ರಿ."