ತೂತು ಸೈಲೆನ್ಸರ್

ಮೆಲ್ಲಗೆ ಮಾತಾಡುವವನ ಮಾತಿಗೆ ಬೆಲೆ ಹೆಚ್ಚು ಎಂದು ಚಿಕ್ಕಂದಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ನಾನು ಕೆಟ್ಟೆ. ಹೇಳಿದವರು ಜೋರಾಗಿಯೇ ಹೇಳಿರಬೇಕು, ಇಲ್ಲದಿದ್ದರೆ ನನಗೆ ಕೇಳುತ್ತಿರಲಿಲ್ಲ. ಹಡಗಲಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ನಾನು ಶುರು ಮಾಡಿದ ಮಾತನ್ನು ಮುಗಿಸುವವರು ಬೇರೆಯವರು. ಮನೆಯಲ್ಲಿ ಟಿ.ವಿ. ಇದೆ, ಅಲ್ಲಿಯೂ ನನ್ನ ಸರದಿ ಬರುವುದಿಲ್ಲ. ಇಂಥ ನನಗಾಗಿ ಕಾಯುವ ಒಂದೇ ಒಂದು ಜೀವ ಈ ಲೋಕದಲ್ಲಿತ್ತು. ಅವನು ಬೆಳಗಿನ ಹರಪನಹಳ್ಳಿ ಬಸ್ಸಿನ ಕಂಡಕ್ಟರ್.

ನನ್ನ ಹೆಂಡತಿ ಗಿರಿಜಾ ಊರಾಚೆಯ ನಮ್ಮ ಮಲ್ಲಿಗೆ ತೋಟ ನೋಡಿಕೊಳ್ಳುತ್ತಾಳೆ. ನಸುಕಿನಲ್ಲಿ ಬಿಡಿಸಿದ ಮೊಗ್ಗಿನ ಪುಟ್ಟಿಗಳನ್ನು ಹಳೆಯ ಕಾರಿನಲ್ಲಿ ಹೇರಿಕೊಂಡು ಬಸ್ ಸ್ಟ್ಯಾಂಡಿಗೆ ಮುಟ್ಟಿಸುವುದು ನನ್ನ ಪಾಲಿನ ಕೆಲಸ. ಆ ಬಸ್ಸು ತಪ್ಪಿದರೆ ಮಾರುಕಟ್ಟೆಯ ಹೊತ್ತು ಮೀರಿ ಮೊಗ್ಗು ಅರಳಿಬಿಡುತ್ತದೆ, ಅರಳಿದ ಹೂವನ್ನು ವ್ಯಾಪಾರಿ ಕಣ್ಣೆತ್ತಿಯೂ ನೋಡುವುದಿಲ್ಲ. ಆದರೆ ನಾನು ತಡ ಮಾಡಿದ ದಿನವೂ ಬಸ್ಸು ನಿಂತಿರುತ್ತಿತ್ತು. "ಬರ್ರಿ ಸರ, ನಿಮ್ಮ ಸಲುವಾಗೇ ನಿಂತೀವಿ" ಎಂದು ಕಂಡಕ್ಟರ್ ಪುಟ್ಟಿ ಏರಿಸಿಕೊಳ್ಳುತ್ತಿದ್ದ. ಈ ಊರಲ್ಲಿ ಇನ್ನೂ ಮೇಷ್ಟ್ರಿಗೆ ಮರ್ಯಾದೆ ಇದೆ ಎಂದು ನಾನು ಮನೆಗೆ ಬಂದು ಹೇಳಿದರೆ ಗಿರಿಜಾ "ಹ್ಞೂಂ" ಎಂದು ಚಹಾ ಸೋಸುತ್ತಿದ್ದಳು.

ಕಾರಿನ ಸೈಲೆನ್ಸರ್ ವರ್ಷಗಳ ಹಿಂದೆಯೇ ತುಕ್ಕು ಹಿಡಿದು ತೂತು ಬಿದ್ದು, ಕಾರು ಓಣಿಗೆಲ್ಲ ಕೇಳುವಂತೆ ಗುಡುಗುತ್ತಿತ್ತು. ಕೊಟ್ಟೂರಿನಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಗಿರಿಜಾಳ ತಮ್ಮ ಬಸಣ್ಣ ಒಂದು ದಿನ ಬಂದವನು, "ಮಾವ, ಎಂಜಿನ್ ಭಾಳ ದಮ್ ಐತಿ ನೋಡ್ರಿ. ಸಪ್ಪಳದಾಗ ಗೊತ್ತಾಗ್ತೈತಿ" ಎಂದ. ಏರು ಬಂದರೆ ಈ ಕಾರು ಟ್ರ್ಯಾಕ್ಟರಿಗೂ ದಾರಿ ಬಿಡುತ್ತದೆಂಬುದು ನನಗೆ ಮಾತ್ರ ಗೊತ್ತು. ಹೊಗೆ ಸಲೀಸಾಗಿ ಹೊರಹೋದರೆ ಎಂಜಿನ್ನಿಗೆ ಅಷ್ಟಿಷ್ಟು ಅನುಕೂಲವಾದೀತು, ಆದರೆ ತೂತಿನಿಂದ ಬರುವುದು ಬರೀ ಸದ್ದು, ಶಕ್ತಿಯಲ್ಲ ಎಂದು ವಿವರಿಸಲು ಹೊರಟೆ. ನನ್ನ ವಾಕ್ಯ ಮುಗಿಯುವಷ್ಟರಲ್ಲಿ ಅವನು ಜೋಳದ ದರಕ್ಕೆ ಹೋಗಿದ್ದ. ನನಗೆ ಸಿಟ್ಟು ಬಂತು. ಅವತ್ತೇ ಸಂಜೆ ಹೋಗಿ ಹೊಸ ಸೈಲೆನ್ಸರ್ ಹಾಕಿಸಿದೆ. "ಗಾಡಿ ಗತ್ತೇ ಹೋಗ್ತೈತಲ್ರಿ ಸರ" ಎಂದು ಮೆಕ್ಯಾನಿಕ್ ಮರುಗಿದ.

ಮರುದಿನ ಕಾರು ಮೊದಲಿನ ವೇಗದಲ್ಲೇ ಓಡಿತು. ಸದ್ದು ಹೋಗಿತ್ತು, ಓಟದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನನ್ನ ಸಿದ್ಧಾಂತ ಗೆದ್ದ ಖುಷಿಯಲ್ಲಿ ಬಸ್ ಸ್ಟ್ಯಾಂಡ್ ಸೇರಿದರೆ ಬಸ್ಸು ಹೊರಟುಹೋಗಿತ್ತು. ಕಂಡಕ್ಟರನಿಗೆ ಫೋನ್ ಮಾಡಿದೆ, ಬಸ್ಸಿನ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೊಗ್ಗೆಲ್ಲ ಅರಳಿ, ಕಾರಿನ ತುಂಬ ಘಮಘಮ ಅನ್ನುತ್ತಿತ್ತು. ಕಂಡಕ್ಟರೇ ತಿರುಗಿ ಫೋನ್ ಮಾಡಿದ. "ನಿಮ್ಮ ಗಾಡಿ ಸಪ್ಪಳ ದೂರಿಂದ ಕೇಳಿದ್ರ ಹೂವು ಬಂತು ಅಂತ ನಿಲ್ಲಿಸ್ತಿದ್ವಿ ಸರ. ಇವತ್ತು ಸಪ್ಪಳನೇ ಇಲ್ಲ, ಹೂವಿಲ್ಲ ಅನ್ಕೊಂಡು ಬಿಟ್ವಿ."

ಗಿರಿಜಾ ಹೂವನ್ನು ತಿಪ್ಪೆಗೆ ಸುರಿಯುತ್ತಿದ್ದಳು. ನಸುಕಿನಿಂದ ಬಗ್ಗಿ ಬಿಡಿಸಿದ್ದು ಅವಳು. ನನ್ನ ಮುಖ ನೋಡದೆ ಹೇಳಿದಳು: "ಅವ್ರು ಮೇಷ್ಟ್ರನ್ನ ಕಾಯ್ತಿದ್ದಿಲ್ಲ, ತೂತನ್ನ ಕಾಯ್ತಿದ್ರು. ಹಳೇದ್ನ ಹಾಕಿಸ್ಕೊಂಡು ಬರ್ರಿ." ಇಷ್ಟು ವರ್ಷ ನನ್ನದೆಂದುಕೊಂಡಿದ್ದ ಒಂದೇ ಒಂದು ಮರ್ಯಾದೆಯೂ ಹೂವಿನ ಜೊತೆಗೆ ತಿಪ್ಪೆ ಸೇರಿತು. ನಿಜವಾಗಿಯೂ ನೋವಾಯಿತು.

ಪುಣ್ಯಕ್ಕೆ ಮೆಕ್ಯಾನಿಕ್ ಹಳೆಯದನ್ನು ಗುಜರಿಗೆ ಹಾಕಿರಲಿಲ್ಲ. ಮರುದಿನ ಗುಡುಗುತ್ತ ಹೋದೆ, ಬಸ್ಸು ಕಾದಿತ್ತು. "ಈಗ ನೋಡ್ರಿ ಸರ, ಗಾಡಿ ರಿಪೇರಿ ಆತು" ಎಂದ ಕಂಡಕ್ಟರ್. ಹಲ್ಲು ಕಚ್ಚಿಕೊಂಡು ನಕ್ಕೆ. ಅಲ್ಲಿಂದ ನೇರ ಕಾಲೇಜಿಗೆ ಹೋದರೆ ಅವತ್ತಿನ ಪಾಠ ಎಂಜಿನ್ನಿನದೇ. ಸದ್ದನ್ನು ನೋಡಿ ಶಕ್ತಿಯನ್ನು ಅಳೆಯಬೇಡಿ ಎಂದು ಎಂದಿನಂತೆ ಮೆಲ್ಲಗೆ ಹೇಳಿದೆ. ಹಿಂದಿನ ಬೆಂಚಿನವರು ತಮ್ಮ ಹರಟೆಯಲ್ಲಿದ್ದರು. ಆಮೇಲೆ ಮೇಜು ಗುದ್ದಿ, ಗಂಟಲು ಹರಿಯುವಂತೆ ಅದನ್ನೇ ಕಿರುಚಿದೆ. ಇಡೀ ತರಗತಿ ತೆಪ್ಪಗಾಗಿ, ಒಬ್ಬರೂ ಬಿಡದೆ ಬರೆದುಕೊಂಡರು.