ನನಗೆ ಬಾರದ ಇಂಗ್ಲಿಷಿಗೆ ನಾನು ಹೇಳಿದ ಅರ್ಥ

ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಒಮ್ಮೆ ಹೇಳಿ ನೋಡಿ. ಆಮೇಲೆ ಫಜೀತಿಯ ಪ್ರಸಂಗಗಳನ್ನು ನೀವು ಹುಡುಕಿಕೊಂಡು ಹೋಗಬೇಕಿಲ್ಲ, ಅವೇ ನಿಮ್ಮನ್ನು ಹುಡುಕಿಕೊಂಡು ಬರುತ್ತವೆ. ನನಗಂತೂ ಎರಡು ವರ್ಷ ಬಿಡುವಿಲ್ಲದೆ ಬಂದವು.

ನಿಜಾಮರ ಆಳ್ವಿಕೆಯ ಕಾಲ. ನಾನು ಒಂದು ಟೂರಿಂಗ್ ಟಾಕೀಸಿನಲ್ಲಿ ಅರ್ಥ ಹೇಳುವವನಾಗಿದ್ದೆ. ನಮ್ಮ ಮಾಲಕರಿಗೆ ಇಂಗ್ಲಿಷ್ ಸಿನೆಮಾ ಅಂದರೆ ಪ್ರಾಣ. ಅದರಲ್ಲೂ ದೊಡ್ಡ ದೊಡ್ಡ ಪುಸ್ತಕಗಳಿಂದ ತೆಗೆದ ಹಳೆಯ ಕಾಲದ ಕತೆಗಳೇ ಬೇಕು. ಕುದುರೆ ಸಾರೋಟು, ನೆಲ ಗುಡಿಸುವ ಲಂಗ ತೊಟ್ಟ ದೊರೆಸಾನಿಯರು, ನೂರು ಮೇಣದಬತ್ತಿ ಉರಿಯುವ ಬಂಗಲೆ, ಇಷ್ಟಿದ್ದರೆ ಅವರು ಊಟ ಮರೆಯುತ್ತಿದ್ದರು. ನಮ್ಮ ಡೇರೆ ಜಹೀರಾಬಾದು, ತಾಂಡೂರು, ನಾರಾಯಣಖೇಡ ಸುತ್ತುತ್ತಿತ್ತು. ನಾನು ಪರದೆಯ ಪಕ್ಕ ಸ್ಟೂಲಿನ ಮೇಲೆ ನಿಂತು, ಕೈಯಲ್ಲಿ ಬೆತ್ತ ಹಿಡಿದು, ಅವರಾಡುವ ಇಂಗ್ಲಿಷನ್ನು ನಮ್ಮ ಮಾತಿನಲ್ಲಿ ಕೂಗಿ ಹೇಳಬೇಕು. ರೀಲಿನ ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ನಾನು ಕೂಡಿಸಿ ಓದಿದ್ದು ನೋಡಿ ಮಾಲಕರು ಈ ಕೆಲಸ ಕೊಟ್ಟಿದ್ದರು. ನನಗೆ ಬರುತ್ತಿದ್ದುದು ಅಕ್ಷರ ಮಾತ್ರ. ಅರ್ಥವನ್ನು ನಾನು ಅಲ್ಲೇ ನಿಂತಲ್ಲೇ ಹುಟ್ಟಿಸುತ್ತಿದ್ದೆ.

ಇದರಿಂದ ಯಾರಿಗೂ ನಷ್ಟವಿರಲಿಲ್ಲ, ನನ್ನೊಬ್ಬನನ್ನು ಬಿಟ್ಟು. ಮನೂರಿನಲ್ಲಿ ಕುರಿ ಸಾಕುವ ಒಬ್ಬ ಹಿರಿಯರ ಮಗಳನ್ನು ನಮ್ಮ ಕಡೆಯವರು ನನಗೆ ಕೇಳಿದ್ದರು. ಹುಡುಗಿಯನ್ನು ಒಂದೇ ಸಲ ನೋಡಿದ್ದೆ, ಆಮೇಲೆ ಇನ್ನೊಬ್ಬಳನ್ನು ನೋಡುವ ಮನಸ್ಸೇ ಆಗಲಿಲ್ಲ. ಹಿರಿಯರು ಮಾತ್ರ ಮೀಸೆಯ ಮೇಲೆ ಕೈಯಿಟ್ಟು ಹೇಳಿದರು:

"ತಮ್ಮಾ, ನಿನಗ ಹೊಲ ಅದನೋ ಇಲ್ಲೋ ನಾ ಕೇಳಂಗಿಲ್ಲ. ಸುಳ್ಳ ಹೇಳವಗ ನಮ್ಮ ಮನಿ ಹೆಣ್ಣ ಕೊಡಂಗಿಲ್ಲ, ಅಷ್ಟೇ. ನಿಮ್ಮ ಡೇರೆ ನಾರಾಯಣಖೇಡಕ್ಕ ಬಂದಾಗ ನಾನೇ ಬಂದು ನಿನ್ನ ಕೆಲಸ ನೋಡ್ತೀನಿ."

ನನ್ನ ಕೆಲಸವೇ ಸುಳ್ಳು ಹೇಳುವುದು. ಡೇರೆ ಒಂದೊಂದೇ ಊರು ಮುಗಿಸಿದಂತೆ ನಾರಾಯಣಖೇಡದ ಸರದಿ ಹತ್ತಿರವಾಗುತ್ತಿತ್ತು.

೧. ಸಡಿಲ ಉಂಗುರ

ಜಹೀರಾಬಾದಿನಲ್ಲಿ ನನ್ನ ಮೊಟ್ಟಮೊದಲ ಆಟ. ಪರದೆಯ ಮೇಲೆ ಒಂದು ತೋಟ, ಬೆಂಚಿನ ಮೇಲೆ ಒಬ್ಬ ದೊರೆಸಾನಿ. ಉದ್ದ ಕೋಟಿನ ತರುಣ ಬಂದವನೇ ಆಕೆಯ ಮುಂದೆ ಒಂದು ಮೊಣಕಾಲೂರಿ ಕೂತುಬಿಟ್ಟ. ಹೆಣ್ಣಿನ ಮುಂದೆ ಗಂಡಸು ಹೀಗೆ ಕೂರುವುದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ.

"ಯಾಕ ಕುಂತಾನ? ಕಾಲಾಗ ಮುಳ್ಳ ನಟ್ಟದೇನು?" ಹೆಂಗಸರಿಗೆ ಮರೆಯಾಗಿ ಬೇರೆ ಕಟ್ಟಿದ್ದ ಪರದೆಯ ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು.

ಅಷ್ಟರಲ್ಲಿ ತರುಣ ಜೇಬಿಗೆ ಕೈಹಾಕಿ ಏನೋ ತಡಕಾಡತೊಡಗಿದ. ನಾನು ತಟ್ಟನೆ, "ಮುಳ್ಳಲ್ಲ ಆಯೀ, ಆಕಿ ಉಂಗುರ ಕಳದದ, ಹುಡುಕ್ಯಾಕ ಹತ್ಯಾನ" ಅಂದೆ.

ಅದೇ ಹೊತ್ತಿಗೆ ಅವನು ಉಂಗುರ ಎತ್ತಿ ತೋರಿಸಿದ. ಡೇರೆಯೆಲ್ಲ "ಸಿಕ್ತು! ಸಿಕ್ತು!" ಅಂತ ಚಪ್ಪಾಳೆ ಹೊಡೆಯಿತು. ದೊರೆಸಾನಿ ಕಣ್ಣೀರು ಹಾಕಿದಳು. "ಪಾಪ, ಎಷ್ಟು ದಿನದಿಂದ ಹುಡುಕಿದ್ಲೋ" ಅಂತ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಊಹೆ ಗುರಿ ಮುಟ್ಟಿತು ಅಂತ ನಾನು ಒಳಗೊಳಗೇ ಉಬ್ಬಿದೆ.

ತೊಂದರೆ ಬಂದದ್ದು ಮರುದಿನ. ಬೇರೆ ಸಿನೆಮಾ, ಬೇರೆ ತೋಟ, ಬೇರೆ ದೊರೆಸಾನಿ. ಅಲ್ಲೂ ಒಬ್ಬ ಮೊಣಕಾಲೂರಿದ. ಮೂರನೆಯ ದಿನದ ಸಿನೆಮಾದಲ್ಲಿ ಇಬ್ಬರು ಊರಿದರು. ನಾನು ವಿಧಿಯಿಲ್ಲದೆ ನಾಲ್ಕೂ ಉಂಗುರಗಳನ್ನು ಕಳೆದು, ನಾಲ್ಕನ್ನೂ ಹುಡುಕಿಸಿಕೊಟ್ಟೆ.

ಆಟ ಮುಗಿದ ಮೇಲೆ ಆ ಮುದುಕಿ ನನ್ನ ಸ್ಟೂಲಿನ ಹತ್ತಿರ ಬಂದಳು. "ತಮ್ಮಾ, ನಿನಗ ಅವರ ಮಾತು ಬರ್ತದಲ್ಲ, ಒಂದು ಕಾಗದ ಬರಿ. ಆ ಊರಾಗ ಅಕ್ಕಸಾಲಿ ಛಲೋ ಇಲ್ಲ, ಬ್ಯಾರೇದವನ್ನ ನೋಡ್ಕೋರಿ ಅಂತ ಹೇಳು."

೨. ಕತ್ತರಿಸದ ಉಣ್ಣೆ

ಇದೂ ಜಹೀರಾಬಾದಿನದೇ. ಪಸ್ತಾಪುರದ ಕಡೆಯ ನಾಲ್ಕೈದು ಕುರಿಗಾರರು ಕಂಬಳಿ ಹೊದ್ದು ಮುಂದೆಯೇ ಕೂತಿದ್ದರು. ಪರದೆಯ ಮೇಲೆ ಕಚೇರಿ. ನ್ಯಾಯಾಧೀಶ ಹೆಗಲವರೆಗೆ ಇಳಿಬಿದ್ದ ಬಿಳಿ ಸುರುಳಿಗೂದಲಿನ ಟೋಪನ್ನು ತಲೆಗೆ ಹಾಕಿಕೊಂಡು ಬಂದ. ವಕೀಲರ ತಲೆಯ ಮೇಲೂ ಅದೇ.

ಕುರಿಗಾರರು ಮುಂದಕ್ಕೆ ಬಾಗಿದರು. ಒಬ್ಬ, "ಉಣ್ಣಿ ಛಲೋ ಅದ" ಅಂದ. ಇನ್ನೊಬ್ಬ, "ತೊಳದಾರ ನೋಡು, ಒಂದು ಹೊಲಸಿಲ್ಲ" ಅಂದ. ನಾನು ಗತ್ತಿನಿಂದ, "ಇವರು ನ್ಯಾಯ ಹೇಳೋ ದೊಡ್ಡ ಹಾಕೀಮರು, ಒಬ್ಬನ ಕುತ್ತಿಗಿ ಉಳಿಸೋದೋ ಬಿಡೋದೋ ಅಂತ ವಿಚಾರ ಮಾಡ್ಯಾಕ ಹತ್ಯಾರ" ಅಂದೆ.

ಎಲ್ಲರಿಗಿಂತ ಹಿರಿಯ ಕುರಿಗಾರ ತಲೆ ಅಲ್ಲಾಡಿಸಿದ. "ಮೊದಲ ಅವರನ್ನ ಹಿಡಿದು ಕತ್ತರಿಸಾಕ ಹೇಳ್ರಿ. ಅಷ್ಟು ಉಣ್ಣಿ ಹೊತ್ತಾಗ ಕುರಿಗೇ ತಲಿ ನಡ್ಯಂಗಿಲ್ಲ, ಇವರಿಗೇನು ನಡದೀತು!"

೩. ಎರಡು ಸಲ ಸತ್ತ ದೊರೆ

ತಾಂಡೂರಿಗೆ ರೀಲಿನ ಪೆಟ್ಟಿಗೆ ರೈಲಿನಲ್ಲಿ ಬಂತು. ಮಶೀನಿನವನು ಅವಸರದಲ್ಲಿ ಐದನೆಯ ರೀಲನ್ನು ಎರಡನೆಯದರ ಜಾಗದಲ್ಲಿ ಹಾಕಿಬಿಟ್ಟ. ಇನ್ನೂ ಕತೆ ಶುರುವಾಗುವ ಹೊತ್ತಿಗೆ ಮುದಿ ದೊರೆ ಹಾಸಿಗೆಯ ಮೇಲೆ ಕೊನೆಯುಸಿರೆಳೆದ. ನಾನು ದನಿ ನಡುಗಿಸಿ ಸಾವು ಹೇಳಿದೆ. ತಾಂಡೂರಿನ ಹೆಂಗಸರು ಅಳುವುದರಲ್ಲಿ ಹಿಂದೆ ಬೀಳುವವರಲ್ಲ. ದೊರೆಯ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಿಕೊಂಡು ಅತ್ತರು.

ಮುಂದಿನ ರೀಲಿನಲ್ಲಿ ಅದೇ ದೊರೆ ಗಟ್ಟಿಮುಟ್ಟಾಗಿ ನಗುತ್ತ ದೊರೆಸಾನಿಯರ ಕೈಹಿಡಿದು ಕುಣಿಯುತ್ತಿದ್ದಾನೆ. ಅಳು ಗಕ್ಕನೆ ನಿಂತಿತು.

"ಇಂವ ಸತ್ತವನ ತಮ್ಮ" ಅಂದೆ. "ಇಬ್ಬರದೂ ಒಂದೇ ಮಾರಿ."

"ಅಣ್ಣನ ಹೆಣ ಇನ್ನೂ ಹೊರಗ ಹೋಗಿಲ್ಲ, ಇಂವ ಕುಣ್ಯಾಕ ಹತ್ಯಾನಲ್ಲ!" ಅಂತ ಹಾಸುಗಲ್ಲಿನ ಗಣಿಯಲ್ಲಿ ಕೆಲಸ ಮಾಡುವ ಒಬ್ಬ ಮೇಸ್ತ್ರಿ ಎದ್ದು ನಿಂತ.

"ದುಃಖ ಮರ್ಯಾಕರಿ" ಅಂದೆ. ಮಂದಿ ಗೊಣಗುತ್ತ ಒಪ್ಪಿಕೊಂಡಿತು.

ಅಷ್ಟರಲ್ಲಿ ಮಶೀನಿನವನಿಗೆ ತನ್ನ ತಪ್ಪು ಗೊತ್ತಾಗಿತ್ತು. ಪ್ರಾಮಾಣಿಕ ಮನುಷ್ಯ. ಸಾವಿನ ರೀಲನ್ನು ಅದರ ಸರಿಯಾದ ಜಾಗದಲ್ಲಿ ಮತ್ತೊಮ್ಮೆ ಹಾಕಿದ. ಅದೇ ಕೋಣೆ, ಅದೇ ಡಾಕ್ಟರು, ಅದೇ ಹಾಸಿಗೆ. ನಾನು ಗಂಟಲು ಸರಿಮಾಡಿಕೊಂಡು, "ತಮ್ಮನೂ ಹೋದ" ಅಂದೆ.

ಈ ಸಲ ಯಾರೂ ಅಳಲಿಲ್ಲ. "ಒಂದು ಮನಿಗೆ ಎಷ್ಟಂತ ಅಳಬೇಕವ್ವ" ಅಂತ ಹೆಂಗಸರು ಸೆರಗು ಝಾಡಿಸಿದರು. ಮೇಸ್ತ್ರಿ ಮಾತ್ರ ಚಿಂತೆಯಿಂದ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಆ ಹಾಸಿಗಿ ಸುಡಾಕ ಹೇಳ್ರಿ. ಮೂರನೇ ತಮ್ಮ ಯಾರರೆ ಇದ್ರ, ಅಂವನೂ ಉಳ್ಯಂಗಿಲ್ಲ."

೪. ತಿಂದ ಸಕ್ಕರೆ

ಕೊನೆಗೆ ನಾರಾಯಣಖೇಡ. ಮನೂರಿನ ಹಿರಿಯರು ಬಂದು ಮುಂದಿನ ಸಾಲಿನಲ್ಲಿ ಕೂತರು. ಮಗಳು ತಾಯಿಯ ಜೊತೆ ಹೆಂಗಸರ ಪರದೆಯ ಹಿಂದೆ ಇದ್ದಾಳೆ ಅಂತಲೂ ಗೊತ್ತಾಯಿತು.

ಅಂದಿನ ಸಿನೆಮಾದಲ್ಲಿ ಒಬ್ಬ ಬಡ ತರುಣ ಟೋಪಿ ಕೈಯಲ್ಲಿ ಹಿಡಿದು, ಶ್ರೀಮಂತ ಮುದುಕನ ಮುಂದೆ ನಿಂತಿದ್ದ. ಬಾಗಿಲ ಹಿಂದೆ ಮುದುಕನ ಮಗಳು. ಹೆಣ್ಣು ಕೇಳಲು ಬಂದವನು ಅನ್ನುವುದು ನನಗೂ ತಿಳಿಯಿತು. ಮುದುಕ ಎದ್ದು ನಿಂತು, ಬೆರಳಾಡಿಸಿ ಉದ್ದಕ್ಕೆ ಏನೋ ಮಾತಾಡಿದ. ಏನಂದನೋ ದೇವರಿಗೇ ಗೊತ್ತು. ನಾನು ಮಾತ್ರ ಹಿರಿಯರ ಕಡೆ ಒಂದು ಕಣ್ಣಿಟ್ಟು ಗಟ್ಟಿಯಾಗಿ ಕೂಗಿದೆ: "ತಮ್ಮಾ, ನೀ ಬಡವ ಇರಬಹುದು, ಊರೂರು ತಿರಗವ ಇರಬಹುದು, ಆದ್ರ ಗುಣವಂತ ಇದ್ದಿ. ನನ್ನ ಮಗಳನ್ನ ನಿನಗ ಕೊಟ್ಟೆ!"

ಹಿರಿಯರು ತಲೆದೂಗಿದರು. ನನ್ನ ಎದೆ ಹೂವಾಯಿತು. ಆದರೆ ಹಿಂದಿನಿಂದ ಒಂದು ದನಿ ಬಂತು: "ಸಕ್ರಿ ಎಲ್ಲಿ?"

ನಮ್ಮ ಕಡೆ ಲಗ್ನ ಗಟ್ಟಿಯಾಗಬೇಕಾದರೆ ಹೆಣ್ಣಿನ ಕಡೆಯ ಒಬ್ಬ ಹಿರಿಯ, ಗಂಡಿನ ಕಡೆಯ ಒಬ್ಬ ಹಿರಿಯ ಮಂದಿಯ ಮುಂದೆ ಸಕ್ಕರೆ ತಿನ್ನಬೇಕು. ತಿಂದ ಮೇಲೆ ಮಾತು ತಿರುಗಿಸುವ ಹಾಗಿಲ್ಲ. ಪರದೆಯ ಮೇಲೆ ಯಾರೂ ಸಕ್ಕರೆ ತರುವ ಲಕ್ಷಣ ಕಾಣಲಿಲ್ಲ.

"ಸಕ್ರಿ ಇಲ್ಲದ ಇದೆಂಥಾ ನಿಶ್ಚಯ? ಮಶೀನ ನಿಂದ್ರಸ್ರಿ!"

ಮಶೀನು ನಿಂತಿತು, ಕಂದೀಲು ಬಂತು. ಡೇರೆಯ ಬಾಗಿಲಿನ ಚಹಾದವನು ಒಂದು ಬಟ್ಟಲು ಸಕ್ಕರೆ ತಂದ. ಪರದೆಯ ಮೇಲಿನ ಗಂಡಿಗೆ ಹಿಂದೆ ಮುಂದೆ ಯಾರೂ ಇಲ್ಲವಲ್ಲ ಅಂತ ನಮ್ಮ ಮಾಲಕರನ್ನು ಗಂಡಿನ ಕಡೆ ಮಾಡಿದರು. ಹೆಣ್ಣಿನ ಕಡೆಗೆ? ಡೇರೆಯಲ್ಲಿ ಎಲ್ಲರಿಗಿಂತ ದೊಡ್ಡ ರುಮಾಲಿನವರು ಮನೂರಿನ ಹಿರಿಯರೇ. ಅವರು ಎರಡು ಸಲ ಬೇಡ ಅಂದು, ಮೂರನೆಯ ಸಲ ಗಂಭೀರವಾಗಿ ಸಕ್ಕರೆ ಬಾಯಿಗೆ ಹಾಕಿಕೊಂಡರು. ಮಿಕ್ಕವರಿಗೂ ಚಿಟಿಕೆ ಚಿಟಿಕೆ ಹಂಚಿಕೆಯಾಯಿತು. ಎಲ್ಲರ ಬಾಯಿ ಸಿಹಿಯಾದ ಮೇಲೆ ಮಶೀನು ಶುರುವಾಯಿತು.

ಪರದೆಯ ಮೇಲಿನ ಮುದುಕ ಅಲ್ಲೇ ಗೋಡೆಗಿದ್ದ ಬಡಿಗೆ ತೆಗೆದುಕೊಂಡು, ತರುಣನ ಬೆನ್ನಿಗೆರಡು ಬಾರಿಸಿ, ಮೆಟ್ಟಿಲ ಮೇಲಿಂದ ಕೆಳಗೆ ನೂಕಿ, ದಡಕ್ಕನೆ ಬಾಗಿಲು ಹಾಕಿಕೊಂಡ.

ಹಿರಿಯರು ನಿಧಾನವಾಗಿ ಎದ್ದರು. ಮುಖ ಕೆಂಪಾಗಿತ್ತು.

"ನನ್ನ ಬಾಯಾಗ ಸಕ್ರಿ ಇನ್ನೂ ಕರಗಿಲ್ಲ, ಆ ಮನುಷ್ಯಾ ಮಾತು ತಪ್ಪಿದ! ಆತನ ಪರವಾಗಿ ತಿಂದವ ನಾನು. ಖರೆ ಹೇಳು ತಮ್ಮಾ, ಅಂವ ಹೆಣ್ಣ ಕೊಡ್ತೀನಿ ಅಂದಿದ್ನೋ ಇಲ್ಲೋ?"

ಆ ಮುದುಕನಿಗೆ ತಲೆ ಕೆಟ್ಟಿದೆ ಅಂದುಬಿಡಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ತಾವು ಆಡದ ಮಾತಿಗೆ ಈ ಹಿರಿಯರು ಇಷ್ಟು ಮಂದಿಯ ಮುಂದೆ ತಲೆತಗ್ಗಿಸಿ ನಿಂತಿದ್ದು ನೋಡಿ ನನಗೆ ನಾಚಿಕೆಯಾಯಿತು. ಹುಡುಗಿ ಕೈತಪ್ಪಿದಳು ಅಂತ ಮನಸ್ಸಿನಲ್ಲೇ ಅಂದುಕೊಂಡು ಸ್ಟೂಲಿನಿಂದ ಇಳಿದೆ.

"ಇಲ್ರಿ. ಅಂವ ಅಂದಿದ್ದಿಲ್ಲ. ಅಂದಿದ್ದು ನಾನು. ನನಗ ಇಂಗ್ಲಿಷ್ ಬರಂಗಿಲ್ರಿ."

ಮಾಲಕರು ತಲೆಯ ಮೇಲೆ ಕೈಹೊತ್ತು ನೆಲಕ್ಕೆ ಕೂತರು.

"ಒಂದು ಮಾತೂ ಬರಂಗಿಲ್ಲ?"

"ಒಂದೂ ಇಲ್ರಿ. ಎರಡು ವರ್ಷದಿಂದ ಬರೀ ಸುಳ್ಳ ಹೇಳೀನ್ರಿ."

ಹಿರಿಯರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಹೆಂಗಸರ ಪರದೆಯ ಹಿಂದೆ ಯಾರೋ ಬಾಯಿ ಮುಚ್ಚಿಕೊಂಡು ನಕ್ಕ ಸದ್ದಾಯಿತು, ಬಳೆಯೂ ಅಲ್ಲಾಡಿತು. ಹಿರಿಯರು ಆ ಕಡೆ ಒಮ್ಮೆ ತಿರುಗಿ, ಮತ್ತೆ ನನ್ನ ಕಡೆ ತಿರುಗಿದರು.

"ಇಷ್ಟು ಮಂದಿ ಎದುರಿಗಿ ನಾ ಸುಳ್ಳ ಹೇಳೀನಿ ಅಂತ ಒಪ್ಪಿಕೊಂಡವನ್ನ ನಾ ಇವತ್ತೇ ನೋಡಿದೆ. ಅದಿರ್ಲಿ. ಈಗ ಈ ಸಕ್ರೀದೇನು ಮಾಡೋಣು? ಹೆಣ್ಣಿನ ಕಡಿಂದ ನಾ ತಿಂದಾತು, ಗಂಡಿನ ಕಡಿಂದ ನಿಮ್ಮ ಮಾಲಕ ತಿಂದಾತು, ಊರ ಮಂದಿ ಎಲ್ಲಾ ನೋಡ್ಯಾರ. ಹೆಣ್ಣು ನನ್ನ ಮನ್ಯಾಗೂ ಅದ. ಆ ಗೋರಾ ಹುಡುಗಂತೂ ಬಡಿಗಿ ತಿಂದು ಹೋಗ್ಯಾನ, ನೀನೇ ಲಗ್ನ ಆಗಿಬಿಡು. ತಿಂದ ಸಕ್ರಿ ಯಾಕ ಹಾಳು ಮಾಡೋದು!"