ಒಂದು ಗುದ್ದಿಗೊಂದು ಕ್ಯಾಮೆರಾ

ಕ್ಯಾಮೆರಾ ಆರಿಸುವುದು ನನ್ನ ಮಟ್ಟಿಗೆ ಎಡಗೈ ಕೆಲಸ ಎಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಮಸೂರದ ಚಿತ್ರವನ್ನು ಕಣ್ಣುಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲೆ. ಅಂಥವನಿಗೆ ಜೇಬಿನಲ್ಲಿ ಹಿಡಿಸುವ ಒಂದು ಪುಟ್ಟ ಕ್ಯಾಮೆರಾ ಯಾವ ಮಹಾ!

ಕ್ಯಾಮೆರಾ ಬೇಕಾಗಿದ್ದು ಒಂದು ಗುದ್ದಿಗಾಗಿ. ನನ್ನ ಹೆಂಡತಿ ಗಿರಿಜೆಯ ತವರಿನವರು ಹಾವೇರಿ ಕಡೆಯವರು, ಈಗ ಬಸವೇಶ್ವರನಗರದಲ್ಲಿದ್ದಾರೆ. ಅವರಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಗ್ಗಿ ಅದರ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಧಬಧಬ ಗುದ್ದುತ್ತಾರೆ. ಎರಡೇ ಕ್ಷಣದಲ್ಲಿ ಎಲ್ಲ ಮುಗಿದುಹೋಗುತ್ತದೆ. ಎಂಟು ವರ್ಷದ ಹಿಂದೆ ತಮ್ಮನ ಮೊದಲ ಮಗಳಿಗೆ ಗಿರಿಜೆ ಹೆಸರಿಟ್ಟಾಗ ನಾನೇ ಮೊಬೈಲಿನಲ್ಲಿ ಫೋಟೋ ತೆಗೆದಿದ್ದೆ. ಆ ಮೊಬೈಲು ಯೋಚಿಸಿ, ತೀರ್ಮಾನಿಸಿ, ಕ್ಲಿಕ್ ಎನ್ನುವಷ್ಟರಲ್ಲಿ ಗುದ್ದಿದವರು ಊಟಕ್ಕೆ ಹೊರಟಿದ್ದರು. ಫೋಟೋದಲ್ಲಿ ಸಿಕ್ಕಿದ್ದು ತೊಟ್ಟಿಲಿನ ಒಂದು ಕಾಲು!

ಈಗ ತಮ್ಮನಿಗೆ ಗಂಡುಮಗು. “ಇದೇ ಲಾಸ್ಟು ಕಣಕ್ಕಾ” ಎಂದು ಅವನು ಘೋಷಿಸಿಯೂಬಿಟ್ಟಿದ್ದ. ಗಿರಿಜೆಗೆ ಇರುವುದು ಅವನೊಬ್ಬನೇ ತಮ್ಮ.

“ರೀ, ಈ ಸಲವಾದ್ರೂ ನಂಗೆ ಆ ಫೋಟೋ ಬೇಕು. ಇನ್ಮೇಲೆ ಯಾರೂ ನನ್ನ ಬೆನ್ನಿಗೆ ಗುದ್ದಲ್ಲ” ಎಂದಳು. ಹೇಳುವಾಗ ಅವಳ ದನಿ ಸಣ್ಣಗಾಗಿತ್ತು.

“ನಾನಿದೀನಲ್ಲ!” ಎಂದು ಭರವಸೆ ಕೊಟ್ಟೆ. ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಅಡುಗೆಮನೆಗೆ ಹೋದಳು.

ಎರಡು ವಾರ ಮೊಬೈಲಿನಲ್ಲಿ ವೀಡಿಯೋ ನೋಡಿ ಅಧ್ಯಯನ ನಡೆಸಿದೆ. ಕ್ಯಾಮೆರಾ ಜುಬ್ಬಾದ ಜೇಬಿನಲ್ಲಿ ಹಿಡಿಸಬೇಕು, ಈಚೆಗೆ ತೆಗೆದ ತಕ್ಷಣ ಎಚ್ಚರವಾಗಬೇಕು, ಒತ್ತಿದ ತಕ್ಷಣ ಹೊಡೆಯಬೇಕು. ಅಳತೆ ತಪ್ಪಬಾರದೆಂದು ಕಾರ್ಯಕ್ರಮಕ್ಕೆ ಇಟ್ಟಿದ್ದ ಜರಿಯಂಚಿನ ಜುಬ್ಬಾವನ್ನೇ ತೊಟ್ಟು ಅತ್ತಿಗುಪ್ಪೆಯಿಂದ ರಾಜಾಜಿನಗರದ ಅಂಗಡಿಗೆ ಹೋದೆ. ಅಲ್ಲಿ ಒಂದೊಂದೇ ಕ್ಯಾಮೆರಾವನ್ನು ಜೇಬಿಗಿಳಿಸಿ, ಸರಕ್ಕನೆ ಎಳೆದು, ಮತ್ತೆ ಇಳಿಸಿ ನೋಡುತ್ತಿದ್ದರೆ ಬಾಗಿಲ ಬಳಿಯ ಸೆಕ್ಯೂರಿಟಿಯವರು ಮೆಲ್ಲನೆ ನನ್ನ ಬೆನ್ನ ಹಿಂದೆ ಬಂದು ನಿಂತರು.

“ಸಾರ್, ಇದು ತುಂಬಾ ಫಾಸ್ಟು. ಕಣ್ಣು ಮಿಟುಕಿಸೋದ್ರೊಳಗೆ ಹೊಡಿಯುತ್ತೆ” ಎಂದರು ಸೇಲ್ಸಿನವರು. ಹೆಚ್ಚೂಕಡಿಮೆ ನನ್ನದೇ ವಯಸ್ಸಿನ ಮನುಷ್ಯ.

“ಕಣ್ಣು ಮಿಟುಕಿಸೋದು ಬೇಡ. ಗುದ್ದು ಹೊಡೆದು ತೋರಿಸಿ.”

“ಏನು ಸಾರ್?”

ವಿಜ್ಞಾನದಲ್ಲಿ ಪ್ರಯೋಗವಿಲ್ಲದೆ ಏನನ್ನೂ ಒಪ್ಪಬಾರದು. ನನ್ನ ಸಮಸ್ಯೆಯನ್ನು ವಿವರಿಸಿ, ಅವರನ್ನು ಒಂದು ಸ್ಟೂಲಿನ ಮೇಲೆ ಬಗ್ಗಿಸಿ, ಬೆನ್ನಿಗೆ ಒಂದು ಗುದ್ದು ಹಾಕಿ ಎಂದು ಅಂಗಡಿಯ ಮ್ಯಾನೇಜರನ್ನು ಕೇಳಿಕೊಂಡೆ. ಮ್ಯಾನೇಜರು ಒಂದೇ ಮಾತಿಗೆ ಒಪ್ಪಿದರು. ಅವರು ಗುದ್ದಿದ ರಭಸ ನೋಡಿದರೆ ಬಹಳ ದಿನದಿಂದ ಕಾಯುತ್ತಿದ್ದಂತಿತ್ತು! “ಅಯ್ಯೋ ಸಾರ್!” ಎಂಬ ಕೂಗು, ನನ್ನ ಬೆನ್ನ ಹಿಂದಿನಿಂದ ಮುಂದಕ್ಕೆ ನುಗ್ಗಿದ ಸೆಕ್ಯೂರಿಟಿ, ಗಾಬರಿಯಿಂದ ಹೊರನಡೆದ ಇಬ್ಬರು ಗಿರಾಕಿಗಳು ಎಲ್ಲವೂ ನಾನು ತೆಗೆದ ಫೋಟೋದಲ್ಲಿ ಸ್ಪಷ್ಟವಾಗಿ ಮೂಡಿದ್ದವು. ಅದನ್ನೇ ಕೊಂಡೆ.

ಮನೆಗೆ ಬಂದ ಹೊಸ ವಸ್ತುವಿಗೆ ಪೂಜೆಯಾಗಬೇಡವೇ? ಸ್ಕೂಟರಿಗೆ ಮಾಡಿದ್ದೇವೆ, ಮಿಕ್ಸಿಗೂ ಮಾಡಿದ್ದೇವೆ. ಕ್ಯಾಮೆರಾವನ್ನು ದೇವರ ಮುಂದಿಟ್ಟೆ. ಮೂರು ಬೆರಳನ್ನು ಒದ್ದೆ ಮಾಡಿ, ವಿಭೂತಿ ಗಟ್ಟಿಯ ಮೇಲೆ ಚೆನ್ನಾಗಿ ಉಜ್ಜಿ, ಕ್ಯಾಮೆರಾದ ಹಣೆ ಯಾವುದಿರಬಹುದೆಂದು ಯೋಚಿಸಿದೆ. ನಟ್ಟನಡುವೆ, ಗುಂಡಿ ಒತ್ತಿದರೆ ತಾನಾಗಿ ತೆರೆದುಕೊಳ್ಳುವ ಲೆನ್ಸಿನ ಮುಚ್ಚಳ ಹೊಳೆಯುತ್ತಿತ್ತು. ಭಕ್ತಿಯಿಂದ ಅದರ ಮೇಲೆ ಮೂರು ಪಟ್ಟೆ ಎಳೆದೆ.

“ಒಂದ್ಸಲ ನನ್ನ ಫೋಟೋ ತೆಗೆದು ನೋಡ್ರೀ” ಎಂದಳು ಗಿರಿಜೆ.

“ಬೇಡ ಕಣೇ. ಅದರ ಬೋಣಿಗೆ ಏನಿದ್ರೂ ಶುಭಕಾರ್ಯದಲ್ಲೇ ಆಗ್ಬೇಕು. ಅಂಗಡೀಲಿ ಎಲ್ಲಾ ಟೆಸ್ಟ್ ಮಾಡಿದೀನಿ.” ಪಟ್ಟೆ ಅಳಿಸದಂತೆ ಅದನ್ನು ಚೀಲಕ್ಕೆ ಸೇರಿಸಿ, ನಾಲ್ಕು ದಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ತೊಟ್ಟಿಲಿನ ದಿನ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಒಂದು ಭಾಷಣ. “ದಯವಿಟ್ಟು ಯಾರೂ ಮೊಬೈಲಿನಲ್ಲಿ ಫೋಟೋ ತೆಗೆಯಬೇಡಿ. ಅಡ್ಡ ಬರುತ್ತೆ. ನನ್ನ ಹತ್ರ ಕ್ಯಾಮೆರಾ ಇದೆ!” ಮೇಷ್ಟ್ರ ಮಾತು ನೋಡಿ! ಬಂಧುಬಳಗವೆಲ್ಲ ಮೊಬೈಲುಗಳನ್ನು ತಾಂಬೂಲದ ತಟ್ಟೆಯ ಪಕ್ಕ ಒಪ್ಪವಾಗಿ ಜೋಡಿಸಿಟ್ಟರು.

ಗಿರಿಜೆ ಹಸಿರು ಇಳಕಲ್ ಸೀರೆಯುಟ್ಟು ತೊಟ್ಟಿಲ ಮೇಲೆ ಬಗ್ಗಿದಳು. ಬಗ್ಗುವ ಮೊದಲು ಒಮ್ಮೆ ನನ್ನತ್ತ ನೋಡಿದಳು. ಧೈರ್ಯವಾಗಿರು ಎಂಬಂತೆ ತಲೆಯಾಡಿಸಿ ಸರಕ್ಕನೆ ಕ್ಯಾಮೆರಾ ಎಳೆದು ಗುಂಡಿ ಒತ್ತಿದೆ. ಅದು ಕಟಕಟ ಎಂದಿತು. ಮುಚ್ಚಳ ನಿದ್ದೆಗಣ್ಣಿನ ಹಾಗೆ ಅರ್ಧ ತೆರೆದು ನಿಂತುಬಿಟ್ಟಿತು!

“ಕುರ್ರ್... ವೀರಭದ್ರಾ!” ಧಬಧಬಧಬ. ಮುಗಿಯಿತು.

“ಒಂದು ನಿಮಿಷ! ಇನ್ನೊಂದ್ಸಲ ಗುದ್ದಿ!” ಎಂದು ಕಿರುಚಿದೆ. ಮಗು ಅಳತೊಡಗಿತು.

ಗಿರಿಜೆ ಎದ್ದು ನಿಂತು “ಬಂತಾ?” ಎಂದಳು. ಅಷ್ಟೇ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಮತ್ತೆ ಮತ್ತೆ ಗುಂಡಿ ಒತ್ತಿದೆ. ಅವಳ ಮುಖ ಇಳಿದುಹೋಯಿತು.

ಅತ್ತೆಯವರು ಬಂದು ಕ್ಯಾಮೆರಾವನ್ನು ಬೆಳಕಿಗೆ ಹಿಡಿದು ನೋಡಿದರು. “ಏನ್ರೀ ಅಳಿಯಂದ್ರ, ಇದರ ಕಣ್ಣಾಗ ವಿಭೂತಿ ತುಂಬೀರೇನು?” ಒಣಗಿದ ವಿಭೂತಿ ಸಿಮೆಂಟಿನಂತೆ ಮುಚ್ಚಳದ ಸಂದಿಗಳಲ್ಲಿ ಕೂತಿತ್ತು. ಇದನ್ನು ಊಹಿಸಲು ಏಳನೇ ತರಗತಿಯ ವಿಜ್ಞಾನ ಸಾಕಾಗಿತ್ತು!

“ಹೋಗ್ಲಿ ಬಿಡ್ರಿ. ಮನಿದೇವರ ಹೆಸರು ಆತು, ಕರಿಯೋ ಹೆಸರು ಇನ್ನೂ ಐತಲ್ಲ. ಗಿರಿಜವ್ವ, ಮತ್ತ ಬಗ್ಗು” ಎಂದರು ಅತ್ತೆ.

ನನಗೆ ಹೋದ ಜೀವ ಬಂತು. ಜುಬ್ಬಾದ ಜರಿಯಂಚಿನಿಂದ ಉಜ್ಜಿದೆ, ಉಫ್ ಎಂದು ಊದಿದೆ. ಮುಚ್ಚಳ ಟಕ್ಕನೆ ತೆರೆದುಕೊಂಡಿತು! ನಾನು ಕಾಲು ಅಗಲಿಸಿ, ಉಸಿರು ಬಿಗಿಹಿಡಿದು ಸಿದ್ಧನಾಗುತ್ತಿರುವಾಗ ಗಿರಿಜೆ ಕೈ ಚಾಚಿದಳು.

“ಕೊಡಿ ಇಲ್ಲಿ.”

“ಅಲ್ಲ ಕಣೇ, ಅದನ್ನ ಹಿಡಿಯೋಕೆ ಒಂದು ಕ್ರಮ—”

“ಕೊಡ್ರೀ!”

ಅವಳು ಎಡಗೈಯಲ್ಲಿ ತೊಟ್ಟಿಲು ಹಿಡಿದು ಬಗ್ಗಿದಳು. ಬಲಗೈಯಲ್ಲಿ ಕ್ಯಾಮೆರಾವನ್ನು ದೂರಕ್ಕೆ ಚಾಚಿ ತನ್ನತ್ತಲೇ ತಿರುಗಿಸಿಕೊಂಡಳು. “ಕುರ್ರ್... ಚಿನ್ಮಯಾ!” ಗುದ್ದು ಬೀಳುವುದಕ್ಕೂ ಅವಳ ಬೆರಳು ಒತ್ತುವುದಕ್ಕೂ ಸರಿಹೋಯಿತು.

ಈಗ ಆ ಫೋಟೋ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಬಾಯ್ತುಂಬ ನಗುತ್ತಿರುವ ಗಿರಿಜೆ, ಅವಳ ಬೆನ್ನ ಮೇಲೆ ಐದಾರು ಬಳೆಗೈಗಳು, ಕೆಳಗೆ ಮಗುವಿನ ಒಂದು ಪುಟ್ಟ ಪಾದ. ಅವಳು ದಿನಕ್ಕೊಮ್ಮೆಯಾದರೂ ಅದರ ಮುಂದೆ ನಿಲ್ಲುತ್ತಾಳೆ, ನನಗೂ ಅದನ್ನು ನೋಡಿದಾಗಲೆಲ್ಲ ಸಂತೋಷವೇ. ಹಿಂದೆ ಮೂಲೆಯಲ್ಲಿ ಎರಡೂ ಕೈ ಖಾಲಿ ಬಿಟ್ಟುಕೊಂಡು, ಬಾಯಿ ತೆರೆದು, ಜುಬ್ಬಾಕ್ಕೆಲ್ಲ ವಿಭೂತಿ ಮೆತ್ತಿಕೊಂಡು ನಿಂತ ಗಂಡಸು ಯಾರೆಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ.

“ಅವರಾ?” ಎನ್ನುತ್ತಾಳೆ ಗಿರಿಜೆ, “ಕ್ಯಾಮೆರಾ ಸೆಲೆಕ್ಟ್ ಮಾಡಿದ್ದು ಅವರೇ.”